ಅಮಾವಾಸ್ಯೆಯ ಕೆಂಪು ದೀಪ

ತನ್ನ ಜೀವ ಸೊಸೆಯ ಬೆರಳ ತುದಿಯಲ್ಲಿದೆ ಎಂದು ಕಾಂತಾಬಾಯಿ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹೇಳಿ ತಾನೇ ನಗುತ್ತಿದ್ದಳು. ನಗೆಯ ಮಾತಾದರೂ ಅದು ಸುಳ್ಳಾಗಿರಲಿಲ್ಲ.

ಗುರುಲಿಂಗ ಸಾವಕಾರರ ಕಿಟಕಿಯಿಲ್ಲದ ಶೆಡ್ಡಿನಲ್ಲಿ ಕೆಮಿಕಲ್ ಕಂಪನಿಗಳ ದೊಡ್ಡ ಹಂಡೆಗಳನ್ನು ಕಾಯಿಸುವ ಹೀಟರ್ ಕಾಯಿಲ್‌ಗಳು ತಯಾರಾಗುತ್ತವೆ. ತಯಾರಾದ ಕಾಯಿಲ್‌ನಿಂದ ಕರೆಂಟು ಸೋರಿ ಹೊರಮೈಗೆ ಬರುತ್ತದೆಯೋ ಇಲ್ಲವೋ ಎಂದು ನೋಡದೆ ಯಾರೂ ಕೊಳ್ಳುವುದಿಲ್ಲ. ಅದನ್ನು ನೋಡಲು ಒಂದು ಯಂತ್ರವಿದೆ. ಮನೆಗೆ ಬರುವ ಕರೆಂಟಿನ ಏಳೆಂಟು ಪಟ್ಟು ವೋಲ್ಟೇಜನ್ನು ಅದು ಕಾಯಿಲ್‌ನ ಮೈಮೇಲೆ ಬಿಟ್ಟು, ಎಷ್ಟು ಸೋರಿತು ಎಂದು ಹೇಳುತ್ತದೆ. ತಂತಿಜಾಲರಿಯ ಪಂಜರದೊಳಗೆ ಕಾಯಿಲ್ ಇಟ್ಟು, ಯಂತ್ರದ ಕೆಂಪು ಕ್ಲಿಪ್ಪನ್ನೂ ಕರಿ ಕ್ಲಿಪ್ಪನ್ನೂ ಅದಕ್ಕೆ ಕಚ್ಚಿಸಿ, ಪಂಜರದ ಬಾಗಿಲು ಹಾಕಿ ದೂರ ನಿಲ್ಲುವುದು ಕಾಂತಾಬಾಯಿಯ ಕೆಲಸ. ಕಂಪ್ಯೂಟರಿನಲ್ಲಿ ಕೂತು ಯಂತ್ರಕ್ಕೆ ಅಪ್ಪಣೆ ಕೊಡುವುದು ಸೊಸೆ ಮಯೂರಿಯ ಕೆಲಸ.

ಅಪ್ಪಣೆ ಕೊಡುವ ರೀತಿಯನ್ನು ಮಯೂರಿಗೆ ಕಲಿಸಿದವನು ಯಂತ್ರ ಕೂಡಿಸಲು ಬಂದಿದ್ದ ಅಜೀತ. ಒಂದು ಮಧ್ಯಾಹ್ನದ ಪಾಠ. ಯಂತ್ರಕ್ಕೆ ಸುತ್ತಿ ಬಳಸಿ ಹೇಳಿದರೆ ತಿಳಿಯುವುದಿಲ್ಲ. ವಿಳಾಸವನ್ನು ಹಿಂದುಮುಂದಾಗಿ ಬರೆದಂತೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು: ಜಿಲ್ಲೆ, ತಾಲ್ಲೂಕು, ಊರು, ಒಂದೊಂದರ ನಡುವೆ ಮೇಲೆ ಕೆಳಗೆ ಎರಡು ಚುಕ್ಕೆ. ಊರು ಮುಟ್ಟಿದ ಮೇಲೆ ಒಂದು ಜಾಗ ಬಿಟ್ಟು ಎಷ್ಟು ಬೇಕೋ ಆ ಅಂಕಿ. ಅದೇ ವಿಳಾಸದ ಕೊನೆಗೆ ಪ್ರಶ್ನೆಚಿಹ್ನೆ ಇಟ್ಟರೆ ಅಪ್ಪಣೆ ಹೋಗಿ ಕೇಳಿಕೆಯಾಗುತ್ತದೆ. ಯಂತ್ರ ಉತ್ತರ ಕೊಡುತ್ತದೆ. ಮುಂದೆ ನಕ್ಷತ್ರ ಹಚ್ಚಿದ ಕೆಲವು ಮಾತುಗಳು ಎಲ್ಲ ಕಂಪನಿಯ ಯಂತ್ರಗಳಿಗೂ ಗೊತ್ತು: ನೀನು ಯಾರು, ಹಿಂದಿನದನ್ನೆಲ್ಲ ಮರೆತುಬಿಡು, ಕೆಲಸ ಮುಗಿಯಿತೇ. "ಕೇಳಿದ್ ಮ್ಯಾಲ ಜವಾಬ್ ಬರೋತನಾ ಸುಮ್ನಿರಬೇಕ್ರಿ ಮೇಡಂ," ಎಂದು ಅಜೀತ ಹೋಗುವಾಗ ಚಹಾ ಕುಡಿಯುತ್ತ ಹೇಳಿದ್ದ. "ಮಷೀನ್ ಕೂಡ ಜಗಳಾಡಬಾರದು."

ಆ ಮಾತನ್ನು ಮಯೂರಿ ಚಹಾದ ಜೊತೆಗೇ ನುಂಗಿ ಮರೆತುಬಿಟ್ಟಿದ್ದಳು.

ಆ ದಿನ ಅವಳು ಹುಮನಾಬಾದಿನಲ್ಲಿರಲಿಲ್ಲ. ಬಸವಕಲ್ಯಾಣದ ತವರಿನಲ್ಲಿ ಅಣ್ಣನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಅಮಾವಾಸ್ಯೆ ದಿನ ಯಾರು ತೊಟ್ಟಿಲು ಕಟ್ಟುತ್ತಾರೆ ಎಂದು ಓಣಿಯವರು ಮೂಗು ಮುರಿದರು. ಅವಳ ತವರಿನವರು ಹುಣ್ಣಿಮೆಗೆ ಬುದ್ಧನ ಮುಂದೆ ಮೇಣದಬತ್ತಿ ಹಚ್ಚುವ ಮಂದಿ, ಅಮಾವಾಸ್ಯೆಗೆ ಅಂಜಿದವರಲ್ಲ. ಅಂಜುವವರು ಗುರುಲಿಂಗ ಸಾವಕಾರರು. ಪ್ರತಿ ಅಮಾವಾಸ್ಯೆ ಶೆಡ್ಡಿನ ಒಂದೊಂದು ಯಂತ್ರಕ್ಕೂ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು ಆರತಿ ಎತ್ತದೆ ಅವರಿಗೆ ಊಟ ಇಳಿಯುವುದಿಲ್ಲ.

ಬೆಳಿಗ್ಗೆಯೇ ಅವರ ಫೋನು ಬಂತು. ಕೆಮಿಕಲ್ ಕಂಪನಿಯವರಿಗೆ ನಾಳೆಯೇ ಕಾಯಿಲ್ ಬೇಕಂತೆ.

"ಲ್ಯಾಪ್‌ಟಾಪ್ ನಿನ್ ಹತ್ರನೇ ಅದ ಅಲ್ಲ? ಅಲ್ಲಿಂದೇ ಟೆಸ್ಟ್ ಮಾಡಿಬಿಡವ್ವಾ. ನಿಮ್ಮತ್ತಿ ಇಲ್ಲಿ ಕ್ಲಿಪ್ ಹಚ್ಚತಾಳ."

"ನೆಟ್ ಹ್ಯಾಂಗ ಅದೋ ನೋಡ್ಬೇಕ್ರಿ."

"ಬಸವಕಲ್ಯಾಣ ಏನ್ ಅಡವಿ ಏನ? ಮಾಡು, ಮಾಡು."

ಮನೆ ತುಂಬ ಹೆಂಗಸರು, ಒಲೆಯ ಮೇಲೆ ಹುಗ್ಗಿ. ಮಯೂರಿ ಮಾಳಿಗೆ ಹತ್ತಿ ನೀರಿನ ಟಾಕಿಯ ನೆರಳಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಅವಳು ಇಲ್ಲಿ ಗುಂಡಿ ಒತ್ತಿದರೆ ಅಪ್ಪಣೆಗಳು ಹುಮನಾಬಾದಿನ ಹಳೆಯ ಕಂಪ್ಯೂಟರಿಗೆ ಹೋಗಬೇಕು, ಅದು ಅವನ್ನು ದಪ್ಪ ಕೇಬಲಿನ ಮೂಲಕ ಯಂತ್ರಕ್ಕೆ ಮುಟ್ಟಿಸಬೇಕು. ಯಂತ್ರಕ್ಕೆ ಒಮ್ಮೆಲೇ ಹೇಳಿದರೆ ಗಂಟಲು ಕಟ್ಟುತ್ತದೆಂದು ಅಜೀತ ಸಾಲು ಸಾಲಿನ ನಡುವೆ ಸಾಕಷ್ಟು ಬಿಡುವು ಇಟ್ಟಿದ್ದ. ಒಂದು ಗುಂಡಿಗೆ ಒಂದು ಕಂತೆ ಸಾಲು: ನೀನು ಯಾರು, ಹಿಂದಿನದು ಮರೆ, ವೋಲ್ಟೇಜ್ ಇಷ್ಟು, ಹೊತ್ತು ಇಷ್ಟು, ಶುರು ಮಾಡು, ಎಷ್ಟು ಸೋರಿತು?

ಕಾಂತಾಬಾಯಿ ಫೋನಿನಲ್ಲಿ ಕೂಗಿದಳು. "ಕ್ಲಿಪ್ ಹಚ್ಚೀನಿ. ಬಾಗಲಾ ಹಾಕೀನಿ. ಹಸರು ದೀಪ ಬಂದಾದ. ನಾ ದೂರ ನಿಂತೀನಿ, ನಿನ್ನ ಕೈ ನೀ ಆಡ್ಸು ತಾಯಿ."

"ಚಪ್ಪಲಿ ಹಾಕ್ಕೊಂಡೀರಿ ಅತ್ತಿ?"

"ಹಾಕ್ಕೊಂಡೀನಿ. ಮದಿವ್ಯಾಗ ಕೊಡಿಸಿದ್ದಿ ನೋಡು, ಅವೇ. ಕಚ್ಚತಾವ."

ಮಯೂರಿ ಗುಂಡಿ ಒತ್ತಿದಳು. ತೆರೆಯ ಮೇಲೆ ಏನೂ ಬರಲಿಲ್ಲ. ನೀನು ಯಾರು ಎಂಬುದಕ್ಕೂ ಉತ್ತರವಿಲ್ಲ. ಮತ್ತೆ ಒತ್ತಿದಳು. ಇಲ್ಲ. ಕೆಳಗಿನಿಂದ ಅಣ್ಣ "ಮಯೂರೀ, ಕೂಸಿನ ಅತ್ತಿ ನೀನೇ ಅದಿ, ಬಾ" ಎಂದು ಕರೆಯುತ್ತಿದ್ದ. ತಿರುಗದ ಎತ್ತಿಗೆ ಮತ್ತೆ ಮತ್ತೆ ಹೇಳಿ ರೂಢಿಯಾದ ಒಕ್ಕಲು ಮಂದಿಯ ಮಗಳು ಅವಳು. ಸಿಟ್ಟಿನಿಂದ ಟಕಟಕ ಒತ್ತುತ್ತ ಹೋದಳು.

"ಇಲ್ಲಿ ಏನೂ ಆಗವಲ್ದು," ಎಂದಳು ಕಾಂತಾಬಾಯಿ.

"ನೆಟ್ ಹೋಗ್ಯಾದ ಅತ್ತಿ. ಸಂಜಿಗಿ ನೋಡೋಣ. ನೀವು ಹೊರಗ ಬಂದು ಕುಂದರ್ರಿ."

"ಹೊರಗ ಎಲ್ಲಿ ಕುಂದರ್ಲಿ? ಸಾವಕಾರ್ರು ಕಾಯಿ ತಂದಾರ, ಪೂಜಾದ ತಯಾರಿ ಮಾಡು ಅನ್ನಾಕತ್ತಾರ. ಇಡ್ತೀನಿ."

ಮಯೂರಿ ಲ್ಯಾಪ್‌ಟಾಪನ್ನು ಬಂದ್ ಮಾಡದೆ ಹಾಗೇ ಬಿಟ್ಟು ಕೆಳಗಿಳಿದಳು. ತೊಟ್ಟಿಲ ಹಗ್ಗ ಹಿಡಿದು ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಕೂಸು ಅವಳ ಬೆರಳು ಹಿಡಿದು ಬಿಡಲಿಲ್ಲ. ಹುಗ್ಗಿ ಉಣ್ಣುವಾಗ ಫೋನು ಟಿಂಗ್ ಎಂದಿತು. ಶೆಡ್ಡಿನವರ ವಾಟ್ಸಾಪ್ ಗುಂಪಿನಲ್ಲಿ ಗುರುಲಿಂಗರು ಪೂಜೆಯ ಫೋಟೋ ಹಾಕಿದ್ದರು, ಕೆಳಗೆ ಕೈ ಮುಗಿದ ಚಿತ್ರ.

ಚಂದದ ಫೋಟೋ. ಪಂಜರದ ಬಾಗಿಲು ಪೂರಾ ತೆರೆದಿದೆ. ಒಳಗಿನ ಕಾಯಿಲ್ ಮೇಲೆ, ಕ್ಲಿಪ್ಪುಗಳ ಮೇಲೆ ಒದ್ದೆ ಚೆಂಡುಹೂವಿನ ಮಾಲೆ. ಕಾಂತಾಬಾಯಿ ಒದ್ದೆ ಬಟ್ಟೆ ಹಿಡಿದು ಒಳಗೆ ಕೈ ಚಾಚಿದ್ದಾಳೆ. ಚಪ್ಪಲಿ ಕಾಲಲ್ಲಿಲ್ಲ. ಮೇಲೆ ಹಸಿರು ದೀಪ.

ಮಯೂರಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಬಾಗಿಲು ತೆಗೆದಾಗ ದೀಪ ಕೆಂಪಾಗಬೇಕು. ಪಂಜರದ ಬಾಗಿಲಿಗೆ ಎರಡು ತಂತಿಗಳಿವೆ. ಬಾಗಿಲು ಹಾಕಿದರೆ ಅವು ಕೂಡುತ್ತವೆ, ಹಸಿರು ಬರುತ್ತದೆ, ಯಂತ್ರ ಕೆಲಸಕ್ಕೆ ಒಪ್ಪುತ್ತದೆ. ತೆಗೆದರೆ ಕೆಂಪು, ಕಿರ್ರೆಂಬ ಸದ್ದು. ಆಗ ಯಾರು ಏನೇ ಅಪ್ಪಣೆ ಕೊಟ್ಟರೂ ಯಂತ್ರ ಕೇಳುವುದಿಲ್ಲ. ಒಳಗೆ ಕೈ ಹಾಕುವವರಿಗೆ ಇರುವ ಕಾವಲು ಅದೊಂದೇ. ಪೂಜೆಯ ಹೊತ್ತಿನಲ್ಲಿ ಕೆಂಪು ದೀಪ, ಕಿರುಚಾಟ ಅಪಶಕುನವೆಂದು ಸಾವಕಾರರು ಆ ಎರಡು ತಂತಿಗಳನ್ನು ಒಂದು ತುಂಡಿನಿಂದ ಜೋಡಿಸಿಬಿಟ್ಟಿದ್ದರು. ಪ್ರತಿ ಅಮಾವಾಸ್ಯೆಯೂ ಹೀಗೇ ಮಾಡುತ್ತಿದ್ದರೋ ಏನೋ! ಆಗೆಲ್ಲ ಮಯೂರಿ ಕಂಪ್ಯೂಟರ್ ಆರಿಸಿ ಮನೆಗೆ ಹೋಗಿರುತ್ತಿದ್ದಳು.

ಇರಲಿ, ನೆಟ್ಟೇ ಇಲ್ಲವಲ್ಲ ಎಂದುಕೊಂಡು ಕೈ ತೊಳೆಯದೆ ಮಾಳಿಗೆ ಹತ್ತಿದಳು. ನೋಡುತ್ತಿದ್ದಂತೆ ತೆರೆಯ ಮೇಲೆ ಒಂದು ಸಾಲು ಮೂಡಿತು. ಯಂತ್ರ ತನ್ನ ಕಂಪನಿಯ ಹೆಸರು, ತನ್ನ ನಂಬರು ಹೇಳುತ್ತಿತ್ತು.

ನೀನು ಯಾರು ಎಂದು ಯಾವಾಗಲೋ ಕೇಳಿದ್ದಕ್ಕೆ ಈಗ ಉತ್ತರ.

ಕಳಿಸಿದ ಮಾತುಗಳು ಸತ್ತಿರಲಿಲ್ಲ. ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದವು ಈಗ ಒಂದರ ಹಿಂದೊಂದು ಹುಮನಾಬಾದ್ ಮುಟ್ಟಿದ್ದವು. ಅವಳು ಸಿಟ್ಟಿನಿಂದ ಒತ್ತಿದ ಅಷ್ಟೂ ಕಂತೆಗಳು ರೇಷನ್ ಅಂಗಡಿಯ ಮುಂದಿನ ಮಂದಿಯಂತೆ ಪಾಳಿ ಹಚ್ಚಿ ನಿಂತಿದ್ದವು. ಮೊದಲನೆಯದು ಒಳಗೆ ಹೋಗಿಯೂ ಆಗಿತ್ತು.

'ನಿಲ್ಲಿಸು' ಎಂದು ಬರೆದು ಕಳಿಸಿದಳು. ಕಳಿಸಿದ ಮೇಲೆ ಹೊಳೆಯಿತು, ಅದು ಹೋಗಿ ನಿಲ್ಲುವುದು ಪಾಳಿಯ ಕಟ್ಟಕಡೆಗೆ. ಎಲ್ಲ 'ಶುರು ಮಾಡು'ಗಳೂ ಮುಗಿದ ಮೇಲೆ ಅದರ ಸರದಿ.

ಅತ್ತೆಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಪೂಜೆಯಲ್ಲಿ ಫೋನು ಕೂಡದೆಂದು ಕೆಲಸದವರೆಲ್ಲರ ಫೋನನ್ನೂ ಸಾವಕಾರರು ಹೊರಗೆ ಇಡಿಸುತ್ತಾರೆ. ಅತ್ತೆಯ ಚೀಲ ಬಾಗಿಲ ಹೊರಗಿನ ಮೊಳೆಗೆ ತೂಗುತ್ತಿರುತ್ತದೆ. ಸಾವಕಾರರಿಗೆ ಹಚ್ಚಿದಳು. ಕತ್ತರಿಸಿದರು. ಮತ್ತೆ ಹಚ್ಚಿದಳು. ಮತ್ತೆ ಕತ್ತರಿಸಿದರು. ಅವರ ಫೋನಿನಲ್ಲಿ ವಚನ ಹಾಡು ಹಚ್ಚಿರುತ್ತಾರೆ, ನಡುವೆ ರಿಂಗಾದರೆ ಹಾಡು ನಿಲ್ಲುತ್ತದೆ.

ಈಗ 'ಮರೆ' ಹೋಗಿರಬೇಕು. ಮುಂದೆ ವೋಲ್ಟೇಜು. ಅದರ ಮುಂದೆ ಹೊತ್ತು. ಆಮೇಲೆ...

ಶೆಡ್ಡಿನ ಎದುರಿಗೆ ಏಕನಾಥನ ಚಹಾ ಗಾಡಿ. ಅವನ ನಂಬರಿತ್ತು.

"ಕಾಕಾ! ಮಯೂರಿ ಮಾತಾಡಾಕತ್ತೀನಿ. ನಮ್ ಶೆಡ್ಡಿನ ಹೊರಗ ಗ್ವಾಡಿಗಿ ಕರೆಂಟಿನ ಮೇನ್ ಸ್ವಿಚ್ ಅದ ಅಲ್ಲ, ಅದನ್ನ ಇಳಸ್ರಿ. ಈಗಿಂದೀಗ!"

"ಯಾಕವ್ವಾ? ಒಳಗ ಪೂಜಾ ನಡದದ. ಆರತಿ ಎತ್ಯಾರ."

"ಅದಕ್ಕೇ ಇಳಸ್ರಿ ಅನ್ನಾಕತ್ತೀನಿ!"

"ಅಮಾಸಿ ಆರತಿದಾಗ ಕತ್ತಲ ಮಾಡಿದ್ರ ಸಾವಕಾರ್ರು ನನ್ನ ಗಾಡಿ ಇಲ್ಲಿಂದ ಎತ್ತಸ್ತಾರ. ನೀ ಅವರನ್ನೇ ಕೇಳು."

"ಕಾಕಾ, ಒಳಗ ನಮ್ಮತ್ತಿ ಕೈ ಮಷೀನ್ ಮ್ಯಾಲ ಅದ. ಕರೆಂಟ್ ಬರಾಕತ್ತದ. ನಾನೇ ಬಿಟ್ಟೀನಿ. ಆಕಿ ಸತ್ತಹೋಗ್ತಾಳ ಕಾಕಾ."

ಫೋನಿನಲ್ಲಿ ಏನೋ ಬಿದ್ದ ಸದ್ದು, ಚಹಾದ ಪಾತ್ರೆಯಿರಬೇಕು. ಆಮೇಲೆ ಚಪ್ಪಲಿಯ ಪಟಪಟ, ಉಬ್ಬಸ. ದೂರದಲ್ಲಿ ಗಂಟೆಯ ಸದ್ದು, ವಚನದ ಹಾಡು. ಕಬ್ಬಿಣದ ಮುಚ್ಚಳ ತೆಗೆದ ಕಿರ್ ಸದ್ದು. ಠಕ್ಕೆಂದಿತು.

ಗಂಟೆ ನಿಂತಿತು. ಹಾಡು ಒಂದೇ ನಡೆದಿತ್ತು.

ಬೇಗ ಇಳಿಸಿದನೋ, ತಡವಾಯಿತೋ? ಯಂತ್ರದಿಂದ ಉತ್ತರವಿಲ್ಲ. ಕೇಳಿದ್ದಕ್ಕೆ ಜವಾಬು ಬರುವ ತನಕ ಸುಮ್ಮನಿರುವುದು ಎಷ್ಟು ಕಷ್ಟವೆಂದು ಅವಳಿಗೆ ತಿಳಿದದ್ದು ಆಗ.

"ಯಾವನಾಂವ ಕರೆಂಟ್ ತಗದಾಂವ?" ಇದು ಸಾವಕಾರರ ದನಿ. ಅದರ ಹಿಂದೆಯೇ ಇನ್ನೊಂದು: "ಅಯ್ಯ ನನ್ನ ಕಾಲಾಗ ಏನೋ ಬಿತ್ತು ನೋಡ್ರಿ, ಕತ್ತಲದಾಗ ಕಾಣವಲ್ದು!"

ಕಾಂತಾಬಾಯಿ. ಗೊಣಗುತ್ತಿದ್ದಾಳೆ ಎಂದರೆ ಬದುಕಿದ್ದಾಳೆ. ಮಯೂರಿ ಟಾಕಿಗೆ ಒರಗಿ ಕೂತುಬಿಟ್ಟಳು.

ಆದರೆ ಅದು ಅಲ್ಲಿಗೆ ಮುಗಿಯುವ ಹಾಗಿರಲಿಲ್ಲ. ಅಪ್ಪಣೆಗಳೆಲ್ಲ ಇನ್ನೂ ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು, ಅದಕ್ಕೆ ಬ್ಯಾಟರಿಯ ಆಸರೆಯಿತ್ತು. ಮೇನ್ ಹೋದರೂ ಅದು ಆರುವುದಿಲ್ಲ. ಯಂತ್ರ ಯಾವಾಗ ಏಳುತ್ತದೋ ಆಗ ಉಳಿದದ್ದನ್ನು ಹೇಳಲು ಕಾಯುತ್ತಿರುತ್ತದೆ.

"ಕಾಕಾ, ಫೋನ್ ಅತ್ತಿ ಕೈಯಾಗ ಕೊಡ್ರಿ."

ಕೊಡುವಷ್ಟರಲ್ಲಿ ಸಾವಕಾರರು ಹೊರಗೆ ಬಂದಿದ್ದರು. "ಏಕನಾಥಾ, ತೆಲಿ ನೆಟ್ಟಗ ಅದ ಏನಲೇ? ಆರತಿ ನಿಲ್ಲಿಸಿದಿ! ವರ್ಷಾನಗಟ್ಲೆ ನನ್ನ ಬಾಗಲಾಗ ಚಹಾ ಮಾರಿ, ಈ ಉಪಕಾರ?"

"ಮಯೂರಿ ಹೇಳಿದ್ಳ್ರಿ..."

"ಮಯೂರಿ ಯಾರು? ಮಾಲಕ ಯಾರು? ಆಕಿಗಿ ಹೇಳು, ನಾಳಿಂದ ಬರೂದು ಬ್ಯಾಡ. ಹಾಕು ಮೇನ್!"

ಹಿಂದೆಯೇ ಹೊರಬಂದ ಕಾಂತಾಬಾಯಿ ಫೋನು ಇಸಿದುಕೊಂಡಳು. "ಅತ್ತೀ," ಎಂದಳು ಮಯೂರಿ, ದನಿ ಹರಿದು ಹೋಗುವಂತೆ. "ಮೇನ್ ಹಾಕಬ್ಯಾಡ್ರಿ ಅಂತ ಹೇಳ್ರಿ. ಮೊದಲ ಕಂಪ್ಯೂಟರ್ ಹಿಂದಿನ ದಪ್ಪ ಕೇಬಲ್ ಕಿತ್ರಿ. ಬಾಗಿಲಿನ ತಂತಿ ಜೋಡಿಸ್ಯಾರ. ಮಷೀನ್ ತಾನೇ ಶುರು ಆಗ್ತದ. ಯಾರೂ ಕೈ ಹಚ್ಚಬ್ಯಾಡ್ರಿ."

ಕಾಂತಾಬಾಯಿ ಸೊಸೆಯ ಮಾತನ್ನು ಒಂದೇಟಿಗೆ ಕೇಳಿದ ಹೆಂಗಸಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೂ ಎರಡು ಸಲ ವಾದ ಮಾಡಿಯೇ ಹಾಕುವವಳು. ಆದರೆ ಆ ದನಿಯಲ್ಲಿ ಏನೋ ಕೇಳಿಸಿತು. ಕೇಬಲ್ ಕೀಳಲು ಹೋದರೆ ಸಾವಕಾರರೂ ಹಿಂದೆಯೇ ಒಳಗೆ ನುಗ್ಗುತ್ತಾರೆಂದು ಅವಳು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಳು.

"ಸಾವಕಾರ್ರ, ಒಳಗ ಹೋಗಬ್ಯಾಡ್ರಿ."

"ನನ್ನ ಶೆಡ್ಡಿಗಿ ನನಗೇ ಅಡ್ಡ ನಿಂದರ್ತಿ? ಬಾಜೂ ಸರಿ."

"ಸರಿಯಂಗಿಲ್ರಿ. ನನ್ನ ಸೊಸಿ ಅಳಾಕತ್ತಾಳ. ಆಕಿ ಅತ್ತದ್ದು ನಾ ಮದಿವಿ ದಿನಾನೂ ನೋಡಿಲ್ಲ. ಹೊಡೀತೀರಿ ಹೊಡೀರಿ, ಕೆಲಸ ಬಿಡಸ್ತೀರಿ ಬಿಡಸ್ರಿ."

"ಅಪಶಕುನ ಆಗ್ಯಾದ, ಆರತಿ ಪೂರಾ ಆಗಬೇಕು!" ಸಾವಕಾರರು ಗೋಡೆಯ ಕಡೆ ತಿರುಗಿ, ಏಕನಾಥನನ್ನು ಸರಿಸಿ, ತಾವೇ ಮೇನ್ ಎತ್ತಿದರು. ಆ ಠಕ್ಕು ಮಯೂರಿಯ ಎದೆಗೇ ಬಡಿಯಿತು.

"ಅತ್ತಿ, ಒಳಗ ಯಾರದಾರ?"

"ಯಾರೂ ಇಲ್ಲ. ನಾ ಬಾಗಲಾಗೇ ನಿಂತೀನಿ."

"ಬಿಡಬ್ಯಾಡ್ರಿ. ಯಾರನ್ನೂ ಬಿಡಬ್ಯಾಡ್ರಿ."

ಶೆಡ್ಡಿನೊಳಗೆ ಯಂತ್ರ ಟುಂಯ್ ಎಂದು ಎಚ್ಚರವಾಯಿತು. ಆ ಸದ್ದು ಮಯೂರಿಗೆ ಚೆನ್ನಾಗಿ ಗೊತ್ತು. ಅವಳ ತೆರೆಯ ಮೇಲೂ ಸಾಲು ಮೂಡಿತು: ನಾನು ಇಂಥವನು, ನನ್ನ ನಂಬರು ಇಂಥದ್ದು. ಮುಂದಿನ ಕಂತೆ ಒಳಗೆ ಹೋಗಿತ್ತು.

"ನೋಡು, ಏನಾತು? ಏನೂ ಆಗಿಲ್ಲ!" ಸಾವಕಾರರ ದನಿ ಹತ್ತಿರವಾಯಿತು. "ಹಸರು ದೀಪ ಹ್ಯಾಂಗ ಚಂದ ಉರಿಯಾಕತ್ತದ. ಬಾಜೂ ಸರಿ ಕಾಂತಾಬಾಯಿ, ಇಭೂತಿ ಹಚ್ಚೂದ ಅಷ್ಟೇ ಉಳದದ."

"ಇಲ್ರಿ."

"ಸರಿ ಅಂದ್ರ!"

"ಇಲ್ಲಂದ್ರ ಇಲ್ರಿ!"

ಮಾಳಿಗೆಯ ಮೇಲೆ ಮಯೂರಿ ಸಾಲುಗಳನ್ನು ಎಣಿಸಿದಳು. ಮರೆ. ವೋಲ್ಟೇಜು. ಹೊತ್ತು.

ಫೋನಿನೊಳಗೆ ಮೊದಲು ಗುಂಯ್ ಎಂಬ ಸದ್ದು. ಆಮೇಲೆ ಒದ್ದೆ ಸೌದೆಗೆ ಬೆಂಕಿ ಹತ್ತಿದಂತೆ ಚಟಚಟ. ವಚನದ ಹಾಡನ್ನು ಯಾರೋ ನಿಲ್ಲಿಸಿದರು.

"ಏನಾಗಾಕತ್ತದ ಅತ್ತಿ?"

"ಹೂವು," ಎಂದಳು ಕಾಂತಾಬಾಯಿ ಮೆಲ್ಲಗೆ. "ಕ್ಲಿಪ್ಪಿನ ಮ್ಯಾಲ ನೀಲಿ ಕಿಡಿ ಓಡ್ಯಾಡಾಕತ್ತಾವ. ಮಾಲಿ ಸುಟ್ಟು ಹೊಗಿ ಬರಾಕತ್ತದ. ಕಾಯಿ ನೀರು ಬಿದ್ದಲ್ಲಿ ಕುದಿಯಾಕತ್ತದ. ನನ್ನ ಬಟ್ಟಿ ಅಲ್ಲೇ ಬಿದ್ದದವ್ವಾ, ಅದರ ಮ್ಯಾಲ."

ಯಂತ್ರ ಸೋರಿಕೆ ಮಿತಿ ಮೀರಿತೆಂದು ಕೂಗಿ ತಾನೇ ನಿಂತಿತು. ಪಾಳಿಯಲ್ಲಿ ಇನ್ನೂ ಮಂದಿಯಿದ್ದರು. ಈ ಸಲ ಮೇನ್ ಇಳಿಸು ಎಂದು ಏಕನಾಥನಿಗೆ ಯಾರೂ ಹೇಳಬೇಕಾಗಲಿಲ್ಲ. ಕಾಂತಾಬಾಯಿ ಒಳಗೆ ಹೋಗಿ, ಕಂಪ್ಯೂಟರಿನ ಹಿಂದಿನ ದಪ್ಪ ಕೇಬಲನ್ನು ಬೇರು ಕಿತ್ತಂತೆ ಕಿತ್ತಳು.

ಸಾವಕಾರರು ವಿಭೂತಿಯ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತಿದ್ದರಂತೆ. ಆಮೇಲೆ ಫೋನು ಇಸಿದುಕೊಂಡರು.

"ಮಯೂರಿ, ನನಗೇನು ಕನಸು ಬಿದ್ದಿತ್ತೇನವ್ವಾ? ಕೆಂಪು ದೀಪ ಅಶುಭ ಅಂತ..."

"ತಂತಿ ನೀವು ಜೋಡಿಸಿದ್ರಿ, ಹೌದ್ರಿ. ಗುಂಡಿ ನಾ ಒತ್ತೀನ್ರಿ. ಒಮ್ಮೆ ಒತ್ತಿ ಸುಮ್ನಿದ್ದಿದ್ರ ಆಗ್ತಿತ್ತು, ಇರಲಿಲ್ಲ. ಇಬ್ಬರೂ ಕೂಡೇ ಮಾಡಿದ್ದು."

ಹಿಂದಿನಿಂದ ಕಾಂತಾಬಾಯಿಯ ದನಿ ಬಂತು. "ಅಲ್ಲರೀ ಸಾವಕಾರ್ರ, ಕೆಂಪು ಅಶುಭ ಅಂದ್ರ, ನಿಮ್ಮ ಮನ್ಯಾಗ ಅಕ್ಕಾವರು ಹಣಿಗಿ ಹಚ್ಚೋ ಕುಂಕುಮ ಯಾವ ಬಣ್ಣದ್ರಿ?"

ಏಕನಾಥ ನಕ್ಕುಬಿಟ್ಟ. ಸಾವಕಾರರು ಚೆಲ್ಲಿದ ಚಹಾ ಹೊಸದಾಗಿ ಕಾಸಿ ಎಲ್ಲರಿಗೂ ಕೊಡು ಎಂದಷ್ಟೇ ಹೇಳಿದರು.

ಕೆಮಿಕಲ್ ಕಂಪನಿಯವರಿಗೆ ಕಾಯಿಲ್ ಮರುದಿನ ಹೋಗಲಿಲ್ಲ. ಅವರು ಬಯ್ದರು, ಸಾವಕಾರರು ಬಯ್ಸಿಕೊಂಡರು. ಮಯೂರಿ ಹುಮನಾಬಾದಿಗೆ ಮರಳಿ, ಅಜೀತನಿಗೆ ಫೋನು ಹಚ್ಚಿ, ಕಂತೆಯನ್ನು ತಿದ್ದಿದಳು. ಈಗ ಒಂದು ಸಲ ಒತ್ತಿದರೆ ಗುಂಡಿ ಮಂಕಾಗುತ್ತದೆ. ಯಂತ್ರ ಕೆಲಸ ಮುಗಿಯಿತು ಎಂದು ತಾನಾಗಿ ಹೇಳುವ ತನಕ ಇನ್ನೊಂದು ಸಲ ಒತ್ತಿಸಿಕೊಳ್ಳುವುದಿಲ್ಲ. ಹಳಸಿದ ಅಪ್ಪಣೆಯನ್ನು ಹಳೆಯ ಕಂಪ್ಯೂಟರು ಮುಂದಕ್ಕೆ ದಾಟಿಸುವುದೂ ಇಲ್ಲ. ಬೇರೆ ಊರಿನಲ್ಲಿ ಕೂತು ಟೆಸ್ಟ್ ಮಾಡುವ ಮಾತನ್ನು ಸಾವಕಾರರು ಮತ್ತೆ ಎತ್ತಲಿಲ್ಲ.

ಮುಂದಿನ ಅಮಾವಾಸ್ಯೆಗೆ ಮಯೂರಿ ಶೆಡ್ಡಿನಲ್ಲೇ ಇದ್ದಳು. ಪಂಜರದ ಬಾಗಿಲು ತೆರೆದಿತ್ತು. ಕೆಂಪು ದೀಪ ಉರಿಯುತ್ತಿತ್ತು, ಕಿರ್ರೆಂಬ ಸದ್ದು ವಚನದ ಹಾಡನ್ನು ಮೀರಿಸುತ್ತಿತ್ತು. ಸಾವಕಾರರು ಮುಖ ಹಿಂಡಿಕೊಂಡೇ ಆರತಿ ಎತ್ತಿದರು. ಹೂವಿನ ಮಾಲೆ ಯಂತ್ರಕ್ಕೆ ಬೀಳಲಿಲ್ಲ, ಪಂಜರದ ಹೊರಗಿನ ಕೊಂಡಿಗೆ ತೂಗಿತು.

"ಅತ್ತಿ, ಕೇಬಲ್ ಎಲ್ಲದ? ನಾ ಈಗ ನೋಡಿದ್ನಿ, ಇಲ್ಲೇ ಇತ್ತು," ಎಂದು ಮಯೂರಿ ಪಿಸುಗುಟ್ಟಿದಳು.

ಕಾಂತಾಬಾಯಿ ಹೊರಗಿನ ಮೊಳೆಯ ಕಡೆ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಅವಳ ಚೀಲ ತೂಗುತ್ತಿತ್ತು. ಚೀಲದ ಬಾಯಿಂದ ದಪ್ಪ ಕೇಬಲಿನ ತುದಿ ಹೊರಗೆ ಇಣುಕಿತ್ತು.

"ಪೂಜಾ ಮುಗಿಯೋತನಾ ಅಲ್ಲೇ ಇರಲಿ," ಎಂದಳು. "ಇಷ್ಟ ದಿನ ನನ್ನ ಜೀವ ನಿನ್ನ ಬೆರಳಿನ ತುದಿಗಿತ್ತು. ಇವತ್ತೊಂದಿನ ನನ್ನ ಚೀಲದಾಗ ಇರಲಿ ಬಿಡು."